ತಂಗಡಿಯನ್ನು ಅಕ್ಕರೆಯಿಂದ ಕೊಲ್ಲುವ ಕ್ರಮ

ಗುಲಾಬಿ ಸಾಯಿಸಿದೆ ಎಂದು ಹೆಮ್ಮೆ ಪಡಬೇಡಿ. ಅದು ಯಾರಿಗಾದರೂ ಬರುತ್ತದೆ. ಮನೆಗೆ ಬೀಗ ಹಾಕಿ ನಾಲ್ಕು ದಿನ ನೆಂಟರೂರಿಗೆ ಹೋಗಿಬನ್ನಿ. ಉಳಿದದ್ದನ್ನು ಗುಲಾಬಿಯೇ ನೋಡಿಕೊಳ್ಳುತ್ತದೆ. ಕೈಗುಣದ ನಿಜವಾದ ಪರೀಕ್ಷೆ ತಂಗಡಿಯಲ್ಲಿದೆ.

ಅನುಮಾನವಿದ್ದರೆ ಏಪ್ರಿಲ್ ತಿಂಗಳಲ್ಲಿ ಅರಸೀಕೆರೆಯಿಂದ ಜೇನುಕಲ್ ಸಿದ್ಧೇಶ್ವರನ ಬೆಟ್ಟದ ಕಡೆ ಹೊರಡಿ. ಹುಲ್ಲು ಸುಟ್ಟು ಬೂದಿಯ ಬಣ್ಣಕ್ಕೆ ಬಂದಿರುತ್ತದೆ. ತೆಂಗು ಗರಿ ಇಳಿಬಿಟ್ಟಿರುತ್ತದೆ. ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ನಿಂತಿರುತ್ತವೆ. ಅಲ್ಲೇ ಕೆಂಪು ಗರಸಿನಲ್ಲಿ, ಆಳೆತ್ತರದ ಒಂದು ಪೊದೆ, ಯಾರ ಹಂಗೂ ಇಲ್ಲದೆ ಹಸಿರಾಗಿ, ತಲೆತುಂಬ ಹಳದಿ ಹೂ ಮುಡಿದು ನಿಂತಿರುತ್ತದೆ. ನೆಟ್ಟವರಿಲ್ಲ, ನೀರೆರೆದವರಿಲ್ಲ, ಬೇಲಿ ಕಟ್ಟಿದವರಿಲ್ಲ. ದನಕರು ಸಾಮಾನ್ಯವಾಗಿ ಅದಕ್ಕೆ ಬಾಯಿಯನ್ನೂ ಹಾಕುವುದಿಲ್ಲ. ಇಂಥ ಗಿಡ ಸಾಯಬೇಕಾದರೆ ಬರಗಾಲ ಸಾಲದು. ದುಡ್ಡು ಬೇಕು, ದುಡಿಮೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕರೆ ಬೇಕು. ನನ್ನ 30×40ರ ಸೈಟಿನಲ್ಲಿ ಇದುವರೆಗೆ 11 ತಂಗಡಿಗಳನ್ನು ದಡ ಸೇರಿಸಿದ ಅನುಭವದ ಮೇಲೆ ಈ ಕೈಪಿಡಿ ಬರೆಯುತ್ತಿದ್ದೇನೆ. ಹಂತ ತಪ್ಪಿಸದೆ ಅನುಸರಿಸಿ.

ಗಿಡದ ಪರಿಚಯ

ಕೊಲ್ಲುವ ಮುನ್ನ ಗುರುತು ಹಿಡಿಯಿರಿ. ತಂಗಡಿ ಎನ್ನಿ, ತಂಗಟೆ ಎನ್ನಿ, ಆವರಿಕೆ ಎನ್ನಿ, ಗಿಡ ಒಂದೇ. ಸಸ್ಯಶಾಸ್ತ್ರದವರು ಮೊದಲು ಕ್ಯಾಸಿಯಾ ಆರಿಕ್ಯುಲೇಟಾ ಎನ್ನುತ್ತಿದ್ದರು, ಈಗ ಸೆನ್ನಾ ಆರಿಕ್ಯುಲೇಟಾ ಎನ್ನುತ್ತಾರೆ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು. ಒಂದು ಕಡ್ಡಿಯನ್ನು ಬಗ್ಗಿಸಿ ಕಣ್ಣ ಹತ್ತಿರ ತನ್ನಿ. ಎಲೆಯ ದಂಟು ಕಾಂಡಕ್ಕೆ ಕೂಡುವ ಕಡೆ ಎರಡೂ ಬದಿಗೆ, ಎಳೆಮಗುವಿನ ಕಿವಿಯಂತೆ ದುಂಡಗೆ ಒಂದೊಂದು ಹಸಿರು ತುಣುಕು ಕಾಣುತ್ತದೆ. ಪ್ರತಿ ಎಲೆಗೂ ಒಂದು ಜೊತೆ. ಮೈಯೆಲ್ಲ ಕಿವಿಯಿದ್ದೂ ತೋಟಗಾರನ ಬುದ್ಧಿವಾದ ಕೇಳದ ಗಿಡ ಇದು. ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲೆಯನ್ನು ಹುಣಸೆ ಎಲೆಯ ಅಣ್ಣ ಎಂದುಕೊಳ್ಳಿ: ಒಂದು ದಂಟಿಗೆ ಸುಮಾರು 8ರಿಂದ 12 ಜೊತೆ ಕಿರುಎಲೆ. ಹೂವಿಗೆ 5 ಎಸಳು, ಬಣ್ಣ ಈಗಷ್ಟೇ ಕುಟ್ಟಿದ ಅರಿಶಿನ. ಕಾಯಿ ಚಪ್ಪಟೆ, ಒಣಗಿದರೆ ಕಾಗದದಷ್ಟು ತೆಳು, ಒಳಗಿನ ಬೀಜವನ್ನು ಹೊರಗಿನಿಂದಲೇ ಬೆರಳಲ್ಲಿ ಎಣಿಸಬಹುದು.

ಬೇಕಾಗುವ ಸಾಮಾನು

ಪಕ್ಕದ ಮನೆಯದಕ್ಕಿಂತ 100 ಅಡಿ ಆಳವಾದ ಒಂದು ಬೋರ್‌ವೆಲ್. ಹನಿ ನೀರಾವರಿಯ ಪೈಪು. ಒಂದು ಮೂಟೆ ಯೂರಿಯಾ. ಒಂದು ಟ್ರ್ಯಾಕ್ಟರ್ ಕೆರೆಗೋಡು. ಚಾಪೆಯಂತೆ ಸುತ್ತಿ ತರುವ ಲಾನ್ ಹುಲ್ಲು. ಒಂದು ಕತ್ತರಿ, ಒಂದು ಸಿಂಪರಣೆ ಕ್ಯಾನು. ಗಿಡ ಸಾಕುವುದನ್ನು ಕಲಿಸುವ ವಿಡಿಯೊಗಳಿರುವ ಒಂದು ಮೊಬೈಲು. ವಿಡಿಯೊ ಚಳಿದೇಶದ್ದಾಗಿದ್ದರೆ ಉತ್ತಮ.

ಹಂತ 1: ಬೀಜದ ಸಹವಾಸ ಬಿಡಿ

ಬೀಜದಿಂದ ಬೆಳೆಸಲು ಹೋಗಬೇಡಿ, ಗಿಡ ಬದುಕಿಬಿಡುತ್ತದೆ. ತಂಗಡಿ ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಅದನ್ನು ಒರಟು ಕಲ್ಲಿಗೆ ಒಂದೆರಡು ಸಲ ಉಜ್ಜಿ, ಇಲ್ಲವೇ ಬಿಸಿನೀರಲ್ಲಿ ರಾತ್ರಿ ನೆನೆಸಿ, ಮುಂಗಾರಿನ ಮೊದಲ ಹದ ಮಳೆಗೆ ಇರಬೇಕಾದ ಜಾಗದಲ್ಲೇ ಊರಿದರೆ, ಅದು ಮೇಲೆ ಎರಡೆಲೆ ತೋರಿಸುವಷ್ಟರಲ್ಲಿ ಕೆಳಗೆ ತಾಯಿಬೇರು ಇಳಿಸಿಬಿಡುತ್ತದೆ. ಒಮ್ಮೆ ತಾಯಿಬೇರು ಇಳಿಯಿತೆಂದರೆ ನಿಮ್ಮ ಕೆಲಸ ಹತ್ತು ಪಟ್ಟು ಕಷ್ಟ. ಖರ್ಚೂ ಏನಿಲ್ಲವಾದ್ದರಿಂದ ಆ ದಾರಿಗೆ ಮರ್ಯಾದೆಯೂ ಇಲ್ಲ.

ಬದಲಿಗೆ ನರ್ಸರಿಗೆ ಹೋಗಿ. ತಂಗಡಿ ಕೇಳಿ. "ಅದನ್ನು ಯಾರು ಸರ್ ದುಡ್ಡು ಕೊಟ್ಟು ತಗೊಳ್ತಾರೆ?" ಎಂದು ನಗುತ್ತಾರೆ. ಎದೆಗುಂದಬೇಡಿ. ಮೊಬೈಲಿನಲ್ಲಿ ಹಳದಿ ಹೂವಿನ ಚಿತ್ರ ತೋರಿಸಿ, ಅಂಥದೇ ಬೇಕು ಎನ್ನಿ. ಅದೃಷ್ಟ ಚೆನ್ನಾಗಿದ್ದರೆ ಸೆನ್ನಾ ಸ್ಪೆಕ್ಟಾಬಿಲಿಸ್ ಸಿಗುತ್ತದೆ: ಅದೇ ಹಳದಿ, ದೂರದ ಅಮೆರಿಕದ ನಂಟ, ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಹಬ್ಬಿ ಅರಣ್ಯ ಇಲಾಖೆಯ ನಿದ್ದೆ ಕೆಡಿಸಿರುವ ಮರ. ಅದೂ ಇಲ್ಲವೆಂದರೆ ಬೇಲಿಗೆಂದು ಡ್ಯುರಾಂಟ ಕೊಡುತ್ತಾರೆ. ಇದೂ ಅಮೆರಿಕದ ಕಡೆಯದು; ಹೆಸರು ಮಾತ್ರ ಇಟಲಿಯ ವೈದ್ಯ ದುರಾಂತೆಯದು. ನಮ್ಮವರ ಬಾಯಲ್ಲಿ ಅದು ಸಲೀಸಾಗಿ 'ದುರಂತ'. ಬಿಲ್ಲು ಕೇಳಿ ಪಡೆಯಿರಿ. 'ದುರಂತ, 25' ಎಂದು ಬರೆದಿರುತ್ತಾರೆ. ತೋಟಗಾರಿಕೆಯಲ್ಲಿ ಇಷ್ಟು ಪ್ರಾಮಾಣಿಕ ಬಿಲ್ಲು ಇನ್ನೊಂದು ಸಿಗದು, ಲ್ಯಾಮಿನೇಶನ್ ಮಾಡಿಸಿಟ್ಟುಕೊಳ್ಳಿ.

ಅಸಲಿ ತಂಗಡಿಯೇ ಬೇಕೆಂಬ ಹಟವಿದ್ದರೆ ಗುಡ್ಡಕ್ಕೆ ಹೋಗಿ, ಚೆನ್ನಾಗಿ ಬೆಳೆದ, ಹೂ ಬಿಟ್ಟ ಗಿಡ ಆರಿಸಿ. ಮೇ ತಿಂಗಳ ಮಧ್ಯಾಹ್ನ ಪ್ರಶಸ್ತ. ಗುದ್ದಲಿಯಿಂದ ಒಂದು ಮೊಳ ಅಗೆಯಿರಿ. ತಾಯಿಬೇರು ಇನ್ನೂ ಕೆಳಗೆ ಹೋಗಿರುತ್ತದೆ. ಅದರ ಹಿಂದೆ ಬೀಳಬೇಡಿ, ಕಡಿದು ಎಳೆಯಿರಿ. ಟಕ್ಕೆಂದು ಸದ್ದು ಬಂದರೆ ಮೊದಲ ಹಂತ ಮುಗಿಯಿತು.

ಹಂತ 2: ಮಣ್ಣು ಬದಲಿಸಿ

ನಿಮ್ಮ ಹಿತ್ತಲಲ್ಲಿ ಈಗಾಗಲೇ ಕೆಂಪು ಗರಸು ಇದ್ದರೆ ನಾಚಿಕೆಪಡಿ. ಆ ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ಸಿಗುತ್ತದೆ, ತಂಗಡಿಗೆ ಅದು ತವರುಮನೆ. ಅದನ್ನು ಪೂರ್ತಿ ತೆಗೆಸಿ, ಕಾಂಪೌಂಡಿನ ಹೊರಗೆ ಸುರಿಸಿ. ಗುಂಡಿಗೆ ಕೆರೆಗೋಡು ತುಂಬಿ. ಮೇಲೆ ಗೊಬ್ಬರ ಹಾಕಿ, ಕಾಲಿನಿಂದ ಚೆನ್ನಾಗಿ ತುಳಿದು ಗಟ್ಟಿ ಮಾಡಿ. ಸುತ್ತ ಒಂದು ಅಡಿ ಎತ್ತರದ ಸಿಮೆಂಟಿನ ಕಟ್ಟೆ ಕಟ್ಟಿಸಿ. ನೀರು ಬಸಿದುಹೋಗಲು ಎಲ್ಲೂ ಕಿಂಡಿ ಬಿಡಬೇಡಿ. ಈಗ ನಿಮ್ಮ ಅಂಗಳದಲ್ಲೂ ಒಂದು ಕೆರೆಯಾಯಿತು. ಅರಸೀಕೆರೆಯ ಹೆಸರಲ್ಲಿ ಅರಸಿಯೂ ಇದ್ದಾಳೆ, ಕೆರೆಯೂ ಇದೆ; ಹೊಯ್ಸಳರ ಕಾಲದವರು ಬಿದ್ದ ಮಳೆಯನ್ನು ಕೆರೆಯಲ್ಲಿ ಹಿಡಿದಿಟ್ಟು ಊರು ಕಟ್ಟಿದರು. ನೀವು ಅದೇ ಪರಂಪರೆಯನ್ನು ಒಂದು ಗಿಡದ ಬುಡದಲ್ಲಿ ಮುಂದುವರಿಸುತ್ತಿದ್ದೀರಿ ಎಂದು ತಿಳಿಯಿರಿ.

ಹಂತ 3: ನೀರು ಹಾಕಿ

ಇದು ಕೈಪಿಡಿಯ ಹೃದಯ. ಗಮನವಿಟ್ಟು ಓದಿ.

ಬೆಳಗ್ಗೆ ಎದ್ದ ಕೂಡಲೇ ಹಾಕಿ. ಮಧ್ಯಾಹ್ನ ಬಿಸಿಲು ನೋಡಿ ಮನಸ್ಸು ಕರಗಿದರೆ ಇನ್ನೊಮ್ಮೆ ಹಾಕಿ. ಸಂಜೆ ಟಾರ್ಚ್ ಹಿಡಿದು ಗಿಡದ ಹತ್ತಿರ ಹೋಗಿ. ತಂಗಡಿ ಕತ್ತಲಾದರೆ ಕಿರುಎಲೆಗಳನ್ನು ಜೋಡಿಜೋಡಿಯಾಗಿ ಮಡಚಿ, ಕೈಮುಗಿದಂತೆ ಮಲಗುತ್ತದೆ. ಅದರ ಜಾತಿಯ ಎಷ್ಟೋ ಗಿಡಗಳ ನಿತ್ಯದ ಅಭ್ಯಾಸ ಅದು, ಬೆಳಗಾದರೆ ಬಿಚ್ಚಿಕೊಳ್ಳುತ್ತದೆ. ನೀವು ಮಾತ್ರ ಅದನ್ನು ನಿದ್ದೆ ಎಂದು ತಿಳಿಯಬೇಡಿ. "ಅಯ್ಯೋ, ಬಾಡಿಹೋಯ್ತು!" ಎಂದು ಮನೆಯವರನ್ನೆಲ್ಲ ಕೂಗಿ. ಎರಡು ಬಕೆಟ್ ಸುರಿಯಿರಿ. ಬೆಳಗ್ಗೆ ಎಲೆ ಅರಳಿರುವುದನ್ನು ನೋಡಿ, ರಾತ್ರಿಯ ನೀರೇ ಉಳಿಸಿತೆಂದು ನಂಬಿ. ಈ ನಂಬಿಕೆ ಒಮ್ಮೆ ಬಂದರೆ ಸಾಕು, ಗಿಡ ಉಳಿಯುವುದಿಲ್ಲ.

ಈ ಹಂತದಲ್ಲಿ ದನ ಹೊಡೆದುಕೊಂಡು ಹೋಗುವ ಒಬ್ಬ ವಯಸ್ಸಾದವರು ಗೇಟಿನ ಹತ್ತಿರ ನಿಲ್ಲುತ್ತಾರೆ. ಎಚ್ಚರಿಕೆಯಿಂದಿರಿ. ನನ್ನ ಗೇಟಿಗೂ ಬಂದಿದ್ದರು.

"ಯಾಕ್ ಸ್ವಾಮಿ, ತಂಗಡೀಗೂ ನೀರ್ ಬಿಡ್ತೀರಾ? ಅದೇನ್ ಬಾಳೆ ಗಿಡಾನಾ?"

"ಹೊಸ ಗಿಡ ಯಜಮಾನ್ರೇ, ಪಾಪ."

"ಪಾಪ ಪಾಪ ಅಂತ ನೀರ್ ಹುಯ್ತಾ ಇದ್ರೆ, ಆ ಪಾಪ ನಿಮ್ಗೇ ಸುತ್ಕೊಂತದೆ."

ಇಂಥವರ ಜೊತೆ ವಾದಕ್ಕಿಳಿಯಬೇಡಿ. ಅವರಿಗೆ ಗುಡ್ಡದ ಅನುಭವ ಮಾತ್ರ ಇರುತ್ತದೆ, ವಿಡಿಯೊ ನೋಡಿರುವುದಿಲ್ಲ. ನಕ್ಕು, ಪೈಪನ್ನು ಇನ್ನೊಂದು ಸುತ್ತು ತಿರುಗಿಸಿ.

ನೀರಿನ ಕೊರತೆಯ ಚಿಂತೆ ಬೇಡ. ಬೋರ್ ಕೈಕೊಟ್ಟರೆ ಇನ್ನೊಂದು ಕೊರೆಸಿ. ತೆಂಗಿಗೆ ಬಿಡಬೇಕಾದ ನೀರನ್ನು ಇತ್ತ ತಿರುಗಿಸಿ. ತೆಂಗು ಬಡಪಾಯಿ, ಕೇಳುವುದಿಲ್ಲ, ಬರೀ ಒಣಗುತ್ತದೆ. ಟ್ಯಾಂಕರ್ ತರಿಸಿ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಕಡೆ ಎತ್ತಿನಹೊಳೆ ಕಾಲುವೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಕೊಟ್ಟರಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹೆಸರಿನಲ್ಲಿ ಹೊರಟ ಆ ಕಾಲುವೆ ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ಹಾದೇ ಹೋಗಬೇಕು. ಪಶ್ಚಿಮ ಘಟ್ಟದ ಹೊಳೆಯನ್ನೇ ಬಯಲಿಗೆ ತಿರುಗಿಸುವ ಕಾಲದಲ್ಲಿ, ಒಂದು ಪೊದೆಗೆ ನಾಲ್ಕು ಬಕೆಟ್ ಹಾಕಲು ಯಾಕೆ ಲೆಕ್ಕ ಹಾಕುತ್ತೀರಿ?

ಹಂತ 4: ಉಣ್ಣಿಸಿ

ಬಡನೆಲದಲ್ಲಿ ಹುಟ್ಟಿದ ಗಿಡಕ್ಕೆ ಹಸಿವು ಹೆಚ್ಚೆಂದು ಭಾವಿಸಿ. ವಾರಕ್ಕೆ ಒಂದು ಹಿಡಿ ಯೂರಿಯಾ ಹಾಕಿ. ಒಂದು ತಿಂಗಳಲ್ಲಿ ಗಿಡ ದಷ್ಟಪುಷ್ಟವಾಗಿ, ಎಳಸಾಗಿ, ಉದ್ದುದ್ದ ಬೆಳೆದು, ಗಾಳಿ ಬಂದ ಕಡೆ ಒರಗುತ್ತದೆ. ಹೂವಿನ ಮಾತೇ ಎತ್ತುವುದಿಲ್ಲ. ಇದನ್ನು ಅಭಿವೃದ್ಧಿ ಎನ್ನಿ. ಒರಗಿದ್ದಕ್ಕೆ ಕಬ್ಬಿಣದ ಸರಳು ನೆಟ್ಟು ನೈಲಾನ್ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಸ್ವಂತ ಕಾಲ ಮೇಲೆ ನಿಂತಿದ್ದ ಗಿಡಕ್ಕೆ ಆಸರೆ ಕೊಟ್ಟ ಪುಣ್ಯ ನಿಮ್ಮದಾಗಲಿ.

ಹಂತ 5: ಬಂದವರನ್ನೆಲ್ಲ ಓಡಿಸಿ

ತಂಗಡಿ ಹೂವಿನ ಮುಂದೆ ಬೆಳಗ್ಗೆ ಹತ್ತು ನಿಮಿಷ ನಿಲ್ಲಿ. ಕರಿಯ ಮೈಯ ದೊಡ್ಡ ದುಂಬಿಯೊಂದು ಬರುತ್ತದೆ. ಹೂವನ್ನು ಆರೂ ಕಾಲಿನಿಂದ ತಬ್ಬಿ ಹಿಡಿದು, ರೆಕ್ಕೆ ಬಿಚ್ಚದೆ, ಮೈಯನ್ನೇ ನಡುಗಿಸಿ ಝುಂಯ್ ಎನ್ನುತ್ತದೆ. ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಬಂದಿ. ದುಂಬಿ ನಡುಗಿಸಿದರೆ ವಿಭೂತಿ ಡಬ್ಬಿ ತಟ್ಟಿದಂತೆ ಪುಡಿ ಉದುರುತ್ತದೆ. ಎದೆಯೆಲ್ಲ ಹಳದಿ ಮಾಡಿಕೊಂಡು ದುಂಬಿ ಮುಂದಿನ ಹೂವಿಗೆ ಹೋಗುತ್ತದೆ. ನೋಡಿಯಾಯಿತೇ? ಈಗ ಔಷಧಿ ಹೊಡೆಯಿರಿ. ನಿಮ್ಮ ಅನುಮತಿ ಇಲ್ಲದೆ ಇಂಥ ಸದ್ದು ಮನೆಯಂಗಳದಲ್ಲಿ ನಡೆಯಬಾರದು.

ತಿಳಿಹಳದಿ ಚಿಟ್ಟೆಯೂ ಬರುತ್ತದೆ, ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಎಲೆಯಷ್ಟೇ ಹಸಿರಾದ ಅದರ ಹುಳು ನಾಲ್ಕು ಎಲೆ ತಿಂದು ಚಿಟ್ಟೆಯಾಗಿ ಹಾರಿಹೋಗುತ್ತದೆ; ಗಿಡ ಮತ್ತೆ ಚಿಗುರುತ್ತದೆ. ಆ ಲೆಕ್ಕಾಚಾರಕ್ಕೆ ಅವಕಾಶ ಕೊಡಬೇಡಿ. ಹುಳು ಕಂಡರೆ ಒಂದು ಮುಚ್ಚಳ, ಕಾಣದಿದ್ದರೆ ಎರಡು ಮುಚ್ಚಳ ಬೆರೆಸಿ. ಆಮೇಲೆ ಗೋಡೆಗೆ ಪ್ಲಾಸ್ಟಿಕ್ ಚಿಟ್ಟೆ ಅಂಟಿಸಿ.

ಹಂತ 6: ಕತ್ತರಿ ಆಡಿಸಿ

ಮೊದಲು ಬೇಲೂರಿಗೆ ಹೋಗಿಬನ್ನಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಕತ್ತೆತ್ತಿ ನೋಡಿ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದಷ್ಟೂ ಗಟ್ಟಿಯಾಗುವ ಬಳಪದ ಕಲ್ಲು ಅದು. ತಂಗಡಿಯೂ ಬಿಸಿಲಿಗೆ ಬಿದ್ದಷ್ಟೂ ಗಟ್ಟಿಯೇ. ಈ ಹೋಲಿಕೆಯನ್ನು ಅಲ್ಲೇ ಬಿಟ್ಟು ಬನ್ನಿ. ಆ ಶಿಲ್ಪಿಗಳು ಕಲ್ಲಿಗೆ ಬಳ್ಳಿಯ ಬಳುಕು ತಂದರು. ನೀವು ಗಿಡಕ್ಕೆ ಗುಂಡುಕಲ್ಲಿನ ಆಕಾರ ತನ್ನಿ. ತಂಗಡಿ ಹೂ ಬಿಡುವುದು ರೆಂಬೆಗಳ ತುದಿಯಲ್ಲಿ. ಆದ್ದರಿಂದ ತುದಿಯನ್ನೇ ಆರಿಸಿ ಕತ್ತರಿಸಿ. 15 ದಿನಕ್ಕೊಮ್ಮೆ ಫುಟ್‌ಬಾಲಿನಂತೆ ದುಂಡಗೆ ಮಾಡಿ. ಒಂದೆರಡು ಒಣಕಾಯಿ ಸಿಕ್ಕಿದರೆ ಅವನ್ನೂ ಕತ್ತರಿಸಿ, ಕಸದ ಜೊತೆ ಕಾಂಪೌಂಡಿನ ಆಚೆಗೆ ಎಸೆಯಿರಿ. ಎಲ್ಲಿ ಬಿತ್ತು ಎಂದು ನೋಡುವ ಅಗತ್ಯವಿಲ್ಲ.

ಊರಿಗೆ ತಕ್ಕ ತಿದ್ದುಪಡಿ

ಬೇಲೂರಿನವರು ಪುಣ್ಯವಂತರು, ಮಲೆನಾಡು ಪಕ್ಕದಲ್ಲೇ ಇದೆ. ಹಂತ 2ರ ಕಟ್ಟೆಯೊಂದನ್ನು ಸರಿಯಾಗಿ ಕಟ್ಟಿಸಿ ಕೂತುಕೊಳ್ಳಿ. ಆಷಾಢದ ಸೋನೆಮಳೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಅಲ್ಲಿಂದ 16 ಕಿಲೋಮೀಟರ್ ಮೂಡಲಿಗಿರುವ ಹಳೇಬೀಡಿನವರು ಲಾನ್ ನಂಬಿ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಲೋಕವೇ ನೋಡಲು ಬರುವ ಊರಿನಲ್ಲಿ ಬೇಲಿಗಿಡ ಬೆಳೆಸಿದರೆ ಜನ ಏನಂದಾರು? ಹೊಯ್ಸಳೇಶ್ವರನ ಮುಂದಿನ ಹುಲ್ಲುಹಾಸನ್ನು ಮಾದರಿಯಾಗಿಟ್ಟುಕೊಂಡು, ತಂಗಡಿಯ ಬುಡದವರೆಗೂ ಲಾನ್ ಹಾಸಿ. ಹುಲ್ಲಿಗೆ ದಿನವೂ ನೀರು ಬೇಕು, ತಂಗಡಿಗೆ ಬೇಡ. ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ನೀವು ಹುಲ್ಲಿನ ಪಕ್ಷ ವಹಿಸಿ.

ಅರಸೀಕೆರೆಯವರಿಗೆ ಮಳೆಯ ನೆರವಿಲ್ಲ, ಎಲ್ಲವನ್ನೂ ಸ್ವಂತ ಖರ್ಚಿನಲ್ಲೇ ಮಾಡಬೇಕು. ಅದಕ್ಕೇ ಇಲ್ಲಿ ಸಾಯಿಸಿದ ಒಂದು ತಂಗಡಿ ಬೇಲೂರಿನ ಹತ್ತಕ್ಕೆ ಸಮ.

ತೊಂದರೆಗಳು ಮತ್ತು ಪರಿಹಾರ

ಎಲೆ ಹಳದಿಯಾಗುತ್ತಿದ್ದರೆ: ನೀರು ಸಾಲದು ಎಂದು ತಿಳಿಯಿರಿ. ಹೆಚ್ಚಿಸಿ.

ಬುಡದಲ್ಲಿ ಕೊಳೆತ ವಾಸನೆ ಬಂದರೆ: ಗೊಬ್ಬರದ ವಾಸನೆ ಎಂದುಕೊಳ್ಳಿ.

ಇಷ್ಟಾದರೂ ಹೂ ಬಿಟ್ಟರೆ: ಗಾಬರಿಯಾಗಬೇಡಿ, ಕೆಲವೊಮ್ಮೆ ಹೀಗಾಗುತ್ತದೆ. ಹಂತ 6ಕ್ಕೆ ಹಿಂತಿರುಗಿ.

ದೀಪಾವಳಿಯ ಬೆಳಗ್ಗೆ ಅಜ್ಜಿಯೊಬ್ಬರು ಬಂದು "ಸಗಣಿ ಉಂಡೆಗೆ ಸಿಗ್ಸೋಕೆ ಒಂದಿಡಿ ತಂಗಟೆ ಹೂವ ಕೊಡವ್ವಾ" ಎಂದು ಕೇಳಿದರೆ: ಬುಟ್ಟಿಯಲ್ಲಿರುವ ಪ್ಲಾಸ್ಟಿಕ್ ಚೆಂಡುಹೂ ಕೊಟ್ಟು ಕಳಿಸಿ. ತೊಳೆದು ಮುಂದಿನ ವರ್ಷಕ್ಕೂ ಇಡಬಹುದು ಎಂದು ವಿವರಿಸಿ. ಅವರ ಮುಖ ನೋಡಬೇಡಿ.

ಹಂತ 7: ಶೋಕಾಚರಣೆ ಮತ್ತು ಮರುಖರೀದಿ

ನಾಲ್ಕೈದು ತಿಂಗಳಲ್ಲಿ, ಒಂದು ಬೆಳಗ್ಗೆ, ರಾತ್ರಿ ಮಡಚಿದ ಎಲೆ ಬಿಚ್ಚಿಕೊಳ್ಳುವುದಿಲ್ಲ. ಅಭಿನಂದನೆಗಳು. ಗಿಡವನ್ನು ಎರಡು ಬೆರಳಲ್ಲಿ ಎಳೆಯಿರಿ, ಬುಡಸಮೇತ ಬರುತ್ತದೆ. "ಈ ಕಡೆಯ ಮಣ್ಣಿಗೆ ತಂಗಡಿ ಆಗಿಬರಲ್ಲ" ಎಂದು ನಾಲ್ಕು ಜನಕ್ಕೆ ಹೇಳಿ. ಅನುಭವದ ಮಾತಾದ್ದರಿಂದ ನಂಬುತ್ತಾರೆ.

ನಂತರ ಮೊಬೈಲ್ ತೆಗೆದು 'ಆವಾರಂ ಹೂವಿನ ಟೀ' ಎಂದು ಹುಡುಕಿ. ಇದೇ ಹೂ, ಒಣಗಿಸಿ, ಪೊಟ್ಟಣ ಕಟ್ಟಿ, ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಸಕ್ಕರೆ ಕಾಯಿಲೆಗೆಂದು ಇದರ ಕಷಾಯ ಕುಡಿಯುವವರು ಹಿಂದಿನಿಂದಲೂ ಇದ್ದಾರೆ. ಆದರೆ ಅಂಗಳದಲ್ಲಿ ಕಿತ್ತ ಹೂವಿಗೆ ಮೇಲೆ ಅಚ್ಚಾದ ಬೆಲೆ ಇರುವುದಿಲ್ಲವಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ಬೈಗುಳವಾಗಿ. ನೀವು ಅದನ್ನು ವೈದ್ಯರ ಚೀಟಿಯಾಗಿ ಓದಿಕೊಳ್ಳಿ. ಟೀ ಕುಡಿಯುತ್ತ ಮನೆಗೆ ಬಂದವರಿಗೆ ಗಿಡದ ಚರಿತ್ರೆ ಹೇಳಿ: ಆಫ್ರಿಕಾದಿಂದ ವಾಟಲ್ ತೊಗಟೆ ಹಡಗೇರಿ ಬರುವ ತನಕ ದಕ್ಷಿಣದ ಚರ್ಮ ಹದಮಾಡಿದ್ದು ಇದೇ ತಂಗಡಿಯ ತೊಗಟೆ, ತೆಲಂಗಾಣದವರು ಬತುಕಮ್ಮ ಹಬ್ಬಕ್ಕೆ ಇದೇ ಹೂ ಜೋಡಿಸುತ್ತಾರೆ, ಇದನ್ನೇ ತಮ್ಮ ರಾಜ್ಯದ ಹೂ ಮಾಡಿಕೊಂಡಿದ್ದಾರೆ. ಸತ್ತವರ ಗುಣಗಾನಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ.

ಹಂತ 8: ಉಳಿದದ್ದು

ಇದು ಕೊನೆಯ ಹಂತ, ಹೆಚ್ಚಿನವರು ಇಲ್ಲೇ ಎಡವುತ್ತಾರೆ.

ಮುಂಗಾರು ಕಳೆದ ಮೇಲೆ ಒಂದು ದಿನ ಕಸ ಹಾಕಲು ಕಾಂಪೌಂಡಿನ ಆಚೆಗೆ ಹೋಗಿ. ಅಲ್ಲಿ ನೀವು ಹಂತ 2ರಲ್ಲಿ ಸುರಿಸಿದ ಗರಸು ಇರುತ್ತದೆ. ಮನೆ ಕಟ್ಟಿ ಉಳಿದ ಜಲ್ಲಿ, ಇಟ್ಟಿಗೆ ಚೂರು, ಮಳೆಗೆ ನೆನೆದು ಕಲ್ಲಾದ ಒಂದು ಸಿಮೆಂಟಿನ ಮೂಟೆ. ಆ ಮೂಟೆಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಗಿಡ ನಿಂತಿರುತ್ತದೆ. ಬಗ್ಗಿ ನೋಡಿ. 8 ಜೊತೆ ಕಿರುಎಲೆ. ದಂಟಿನ ಬುಡದಲ್ಲಿ ಎರಡು ದುಂಡು ಕಿವಿ.

ಯಾರು ಬಿತ್ತಿದರು ಎಂದು ಯೋಚಿಸಬೇಡಿ. ಹಂತ 6ರಲ್ಲಿ ಎಸೆದ ಕಾಯಿಯ ನೆನಪಾದೀತು. ಎಷ್ಟು ನೀರು ಹಾಕಿದ್ದೆ ಎಂದು ಲೆಕ್ಕ ಹಾಕಬೇಡಿ. ಉತ್ತರ ಸೊನ್ನೆ ಬರುತ್ತದೆ, ಸೊನ್ನೆಯನ್ನು ಹೆಚ್ಚು ಹೊತ್ತು ನೋಡುತ್ತ ನಿಲ್ಲುವುದು ತೋಟಗಾರನ ಆರೋಗ್ಯಕ್ಕೆ ಒಳ್ಳೆಯದಲ್ಲ. ನೀವಿಲ್ಲದೆಯೂ ಬದುಕಬಲ್ಲೆ ಎನ್ನುವ ಗಿಡವನ್ನು ಹಾಗೆಯೇ ಬಿಟ್ಟರೆ ನಾಳೆ ನಿಮ್ಮ ಬೋರ್‌ವೆಲ್, ಡ್ರಿಪ್ಪು, ಕತ್ತರಿಗಳ ಗತಿಯೇನು?

ಒಳಗೆ ಹೋಗಿ ಗುದ್ದಲಿ ತನ್ನಿ. ಚಪ್ಪಲಿ ಬಿಟ್ಟು ಬನ್ನಿ, ಜಲ್ಲಿಯ ಮೇಲೆ ಮೆಲ್ಲಗೆ ಹೆಜ್ಜೆಯಿಡಿ, ಕೆಮ್ಮಬೇಡಿ, ಮುದ್ದು ಮಾತಂತೂ ಆಡಲೇಬೇಡಿ.

ಅದಕ್ಕೆ ಕಿವಿಯಿದೆ.